ಐಪಿ ವಿಳಾಸ ಸಿಕ್ಕರೆ ಮನುಷ್ಯ ಸಿಕ್ಕಂತೆಯೇ?

‘ನಿಮ್ಮ ಐಪಿ ಅಡ್ರೆಸ್ ನಮಗೆ ಸಿಕ್ಕಿದೆ. ನೀವು ಏನೇನು ನೋಡಿದ್ದೀರಿ ಎಂಬ ದಾಖಲೆ ನಮ್ಮ ಬಳಿ ಇದೆ. ಹಣ ಕಟ್ಟದಿದ್ದರೆ ಪೊಲೀಸರು ಮನೆಗೆ ಬರುತ್ತಾರೆ.’ ಇಂಥ ಇಮೇಲ್, ವಾಟ್ಸ್ಆ್ಯಪ್ ಸಂದೇಶ ಅಥವಾ ಫೋನ್ ಕರೆ ಬಂದು ಬೆವರಿದವರು ನಮ್ಮ ನಡುವೆ ಹಲವರಿದ್ದಾರೆ. ಇನ್ನೊಂದು ಕಡೆ, ಸಿನಿಮಾ ನೋಡಿದವರಿಗೆಲ್ಲ ಒಂದು ದೃಶ್ಯ ಪರಿಚಿತ. ಪೊಲೀಸ್ ಅಧಿಕಾರಿಯೊಬ್ಬರು ‘ಐಪಿ ಟ್ರೇಸ್ ಮಾಡಿ’ ಎನ್ನುತ್ತಾರೆ, ಕಂಪ್ಯೂಟರ್ ಪರದೆಯ ನಕ್ಷೆಯಲ್ಲಿ ಕೆಂಪು ಚುಕ್ಕೆ ಮಿನುಗುತ್ತದೆ, ಮುಂದಿನ ದೃಶ್ಯದಲ್ಲಿ ಜೀಪು ಅಪರಾಧಿಯ ಮನೆ ಮುಂದೆ ನಿಂತಿರುತ್ತದೆ.

ನಿಜದಲ್ಲಿ ಐಪಿ ವಿಳಾಸ ಇಷ್ಟೆಲ್ಲ ಹೇಳುತ್ತದೆಯೇ? ಈ ಪ್ರಶ್ನೆ ಬರೀ ತಾಂತ್ರಿಕ ಕುತೂಹಲದ್ದಲ್ಲ. 2007ರ ಆಗಸ್ಟ್‌ನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಪುಣೆ ಪೊಲೀಸರು ಬಂಧಿಸಿದರು. ಆಗ ಜನಪ್ರಿಯವಾಗಿದ್ದ ಆರ್ಕುಟ್ ಜಾಲತಾಣದಲ್ಲಿ ಛತ್ರಪತಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಹಾಕಿದ್ದಾರೆ ಎಂಬುದು ಆರೋಪ. ಅವರತ್ತ ಬೆರಳು ತೋರಿಸಿದ್ದು ಒಂದು ಐಪಿ ವಿಳಾಸ. ಆ ವಿಳಾಸ ಯಾರದ್ದೆಂದು ಪೊಲೀಸರು ಕೇಳಿದಾಗ ಇಂಟರ್‌ನೆಟ್ ಸೇವಾ ಕಂಪನಿ ಕೊಟ್ಟ ಚಂದಾದಾರರ ವಿವರವೇ ತಪ್ಪಾಗಿತ್ತು. ಅದು ಬಯಲಾಗಿ ಅವರು ಹೊರಬರುವಷ್ಟರಲ್ಲಿ ಯೆರವಡಾ ಜೈಲಿನಲ್ಲಿ 50 ದಿನ ಕಳೆದಿದ್ದರು.

ಒಂದು ಸಂಖ್ಯೆಯನ್ನು ಹಿಡಿದು ಒಬ್ಬ ಮನುಷ್ಯನವರೆಗೆ ಹೋಗುವ ದಾರಿಯಲ್ಲಿ ಎಷ್ಟು ಮೆಟ್ಟಿಲುಗಳಿವೆ, ಎಲ್ಲೆಲ್ಲಿ ಕಾಲು ಜಾರಬಹುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಐಪಿ ವಿಳಾಸ ಎಂದರೆ ಏನು?

ಐಪಿ ಎಂದರೆ ಇಂಟರ್‌ನೆಟ್ ಪ್ರೋಟೊಕಾಲ್. ಕಂಪ್ಯೂಟರುಗಳು ಪರಸ್ಪರ ಮಾಹಿತಿ ಕಳಿಸುವಾಗ ಪಾಲಿಸಬೇಕಾದ ನಿಯಮಗಳ ಕಟ್ಟು ಅದು. ನಾವು ಕಳಿಸುವ ಫೋಟೊ, ನೋಡುವ ವಿಡಿಯೊ, ಓದುವ ಈ ಲೇಖನ ಯಾವುದೂ ಇಡಿಯಾಗಿ ಒಂದೇ ಸಲ ಬರುವುದಿಲ್ಲ. ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ತುಂಡಾಗಿ ಬರುತ್ತದೆ. ಇವನ್ನು ಪ್ಯಾಕೆಟ್ ಎನ್ನುತ್ತಾರೆ. ಪ್ರತಿ ಪ್ಯಾಕೆಟ್‌ನ ಮೇಲೂ ಎರಡು ವಿಳಾಸ ಬರೆದಿರುತ್ತದೆ: ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಗಬೇಕು. ಅಂಚೆ ಲಕೋಟೆಯ ಮೇಲೆ ‘ಇಂದ’, ‘ಗೆ’ ಎಂದು ಬರೆದ ಹಾಗೆ.

‘ಇಂದ’ ವಿಳಾಸ ಇರಲೇಬೇಕು. ಇಲ್ಲದಿದ್ದರೆ ಉತ್ತರ ವಾಪಸ್ ಬರುವುದಾದರೂ ಹೇಗೆ? ಆದ್ದರಿಂದ ನೀವು ಯಾವುದೇ ಜಾಲತಾಣ ತೆರೆದರೂ ಅದಕ್ಕೆ ನಿಮ್ಮ ಕಡೆಯ ಒಂದು ಐಪಿ ವಿಳಾಸ ತಿಳಿಯುತ್ತದೆ. ಯಾರೋ ಕಳ್ಳತನ ಮಾಡಿದ ಗುಟ್ಟಿನ ಮಾಹಿತಿಯಲ್ಲ ಇದು. ಇಂಟರ್‌ನೆಟ್ ಕೆಲಸ ಮಾಡುವುದೇ ಹೀಗೆ. ‘ನಿಮ್ಮ ಐಪಿ ನಮಗೆ ಗೊತ್ತು’ ಎಂದು ಯಾರಾದರೂ ಹೆದರಿಸಿದರೆ ಅದರ ಬೆಲೆ ಇಷ್ಟೇ.

1981ರಲ್ಲಿ ಪ್ರಕಟವಾದ ಐಪಿ 4ನೇ ಆವೃತ್ತಿಯ ನಿಯಮಗಳ ಪ್ರಕಾರ ಈ ವಿಳಾಸ 32 ಬಿಟ್‌ಗಳ, ಅಂದರೆ 32 ಸೊನ್ನೆ-ಒಂದುಗಳ ಒಂದು ಸಂಖ್ಯೆ. ಮನುಷ್ಯರು ಓದಲು ಸುಲಭವಾಗಲಿ ಎಂದು ಅದನ್ನು ನಾಲ್ಕು ಭಾಗ ಮಾಡಿ ನಡುವೆ ಚುಕ್ಕೆ ಇಟ್ಟು ಬರೆಯುತ್ತಾರೆ. ಉದಾಹರಣೆಗೆ 203.0.113.45. ಪ್ರತಿ ಭಾಗವೂ 0ಯಿಂದ 255ರವರೆಗೆ ಇರಬಹುದು. (ನಾವು ಇಲ್ಲಿ ಕೊಟ್ಟಿರುವ ವಿಳಾಸ ಯಾರದ್ದೂ ಅಲ್ಲ. ಉದಾಹರಣೆಗಳಲ್ಲಿ ಬಳಸಲೆಂದೇ ಅದನ್ನು ಮೀಸಲಿಟ್ಟಿದ್ದಾರೆ.)

ಒಂದೇ ಸಂಖ್ಯೆ, ಎರಡು ಮಾಹಿತಿ

ಈ ಸಂಖ್ಯೆಯ ಜಾಣತನ ಇರುವುದು ಅದರ ಒಳರಚನೆಯಲ್ಲಿ. ಅದರ ಮೊದಲ ಭಾಗ ಯಾವ ಜಾಲ, ಅಂದರೆ ಯಾವ ನೆಟ್‌ವರ್ಕ್ ಎಂದು ಹೇಳುತ್ತದೆ. ಉಳಿದ ಭಾಗ ಆ ಜಾಲದೊಳಗಿನ ಯಾವ ಸಾಧನ ಎಂದು ಹೇಳುತ್ತದೆ.

ಲ್ಯಾಂಡ್‌ಲೈನ್ ಫೋನ್ ಬಳಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೆಂಗಳೂರಿನ ಎಸ್‌ಟಿಡಿ ಕೋಡ್ 080, ಮೈಸೂರಿನದು 0821, ದಾವಣಗೆರೆಯದು 08192. ಮೊದಲ ಸೊನ್ನೆಯನ್ನು ಬಿಟ್ಟರೆ ಬೆಂಗಳೂರಿಗೆ 2 ಅಂಕಿಯ ಕೋಡ್, 8 ಅಂಕಿಯ ಫೋನ್ ನಂಬರ್. ಮೈಸೂರಿಗೆ 3 ಮತ್ತು 7. ದಾವಣಗೆರೆಗೆ 4 ಮತ್ತು 6. ಒಟ್ಟು ಯಾವಾಗಲೂ 10 ಅಂಕಿ. ದೊಡ್ಡ ಊರಿಗೆ ಕೋಡ್ ಚಿಕ್ಕದು, ಏಕೆಂದರೆ ಅಲ್ಲಿ ಹೆಚ್ಚು ಫೋನುಗಳಿಗೆ ನಂಬರ್ ಬೇಕು. ದೆಹಲಿಯಿಂದ ದಾವಣಗೆರೆಗೆ ಕರೆ ಮಾಡಿದರೆ ದೆಹಲಿಯ ಎಕ್ಸ್‌ಚೇಂಜ್‌ಗೆ ದಾವಣಗೆರೆಯ ಪ್ರತಿ ಮನೆಯ ಫೋನೂ ಗೊತ್ತಿರಬೇಕಿಲ್ಲ. ಕೋಡ್ ನೋಡಿ ಆ ದಿಕ್ಕಿಗೆ ಕಳಿಸಿದರೆ ಸಾಕು, ಉಳಿದ ಅಂಕಿಗಳನ್ನು ದಾವಣಗೆರೆಯ ಎಕ್ಸ್‌ಚೇಂಜ್ ನೋಡಿಕೊಳ್ಳುತ್ತದೆ.

ಐಪಿ ವಿಳಾಸದಲ್ಲೂ ಹೀಗೆಯೇ. ಒಟ್ಟು ಯಾವಾಗಲೂ 32 ಬಿಟ್, ಆದರೆ ಜಾಲದ ಭಾಗ ಎಲ್ಲಿ ಮುಗಿಯುತ್ತದೆ ಎಂಬ ಗೆರೆ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಆ ಗೆರೆಯನ್ನು ವಿಳಾಸದ ಕೊನೆಗೆ ಓರೆಗೆರೆ ಹಾಕಿ ತೋರಿಸುತ್ತಾರೆ. 203.0.113.0/24 ಎಂದು ಬರೆದರೆ ಮೊದಲ 24 ಬಿಟ್, ಅಂದರೆ ಮೊದಲ ಮೂರು ಸಂಖ್ಯೆಗಳು, ಜಾಲವನ್ನು ಸೂಚಿಸುತ್ತವೆ. ಉಳಿದ 8 ಬಿಟ್‌ಗಳಲ್ಲಿ 256 ವಿಳಾಸಗಳಿಗೆ ಜಾಗವಿದೆ. ಮೊದಲನೆಯದನ್ನು ಜಾಲದ ಗುರುತಿಗೂ ಕೊನೆಯದನ್ನು ಎಲ್ಲ ಸಾಧನಗಳಿಗೂ ಒಟ್ಟಿಗೆ ಕೂಗಿ ಹೇಳುವುದಕ್ಕೂ ಬಿಟ್ಟು 254 ಸಾಧನಗಳಿಗೆ ಹಂಚಬಹುದು. ಫೋನ್ ಅಥವಾ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ‘ಸಬ್‌ನೆಟ್ ಮಾಸ್ಕ್ 255.255.255.0’ ಎಂದು ಕಂಡರೆ ಅದು ಹೇಳುವುದೂ ಇದನ್ನೇ.

ನಿಮ್ಮ ಫೋನ್ ಒಂದು ಪ್ಯಾಕೆಟ್ ಕಳಿಸುವ ಮುನ್ನ ಈ ಗೆರೆಯನ್ನು ನೋಡಿಕೊಳ್ಳುತ್ತದೆ. ತಲುಪಬೇಕಾದ ವಿಳಾಸ ತನ್ನದೇ ಜಾಲದಲ್ಲಿದ್ದರೆ (ಮನೆಯ ಪ್ರಿಂಟರ್ ಎಂದುಕೊಳ್ಳಿ) ನೇರವಾಗಿ ಕೊಡುತ್ತದೆ. ಬೇರೆ ಜಾಲದ್ದಾದರೆ ರೌಟರ್ ಕೈಗೆ ಒಪ್ಪಿಸುತ್ತದೆ. ಅಲ್ಲಿಂದ ಮುಂದೆ ಒಂದು ರೌಟರ್‌ನಿಂದ ಇನ್ನೊಂದಕ್ಕೆ ಪ್ಯಾಕೆಟ್ ಸಾಗುತ್ತದೆ. ದಾರಿಯಲ್ಲಿರುವ ರೌಟರುಗಳು ಜಾಲದ ಭಾಗವನ್ನಷ್ಟೇ ನೋಡುತ್ತವೆ. ಕೊನೆಯ ರೌಟರ್ ಮಾತ್ರ ಸಾಧನದ ಭಾಗವನ್ನು ನೋಡುತ್ತದೆ.

ವಿಳಾಸ ಹಂಚುವವರು ಯಾರು?

ಒಂದೇ ವಿಳಾಸ ಇಬ್ಬರಿಗೆ ಹೋದರೆ ಗೊಂದಲ. ಹಾಗಾಗಿ ಹಂಚಿಕೆಗೆ ಒಂದು ಏಣಿಶ್ರೇಣಿ ಇದೆ. ಎಲ್ಲಕ್ಕಿಂತ ಮೇಲೆ ಐಯಾನಾ ಎಂಬ ವ್ಯವಸ್ಥೆ. ಅದು ವಿಳಾಸಗಳ ದೊಡ್ಡ ದೊಡ್ಡ ಗಂಟುಗಳನ್ನು ಜಗತ್ತಿನ ಐದು ಪ್ರಾದೇಶಿಕ ಸಂಸ್ಥೆಗಳಿಗೆ ಕೊಡುತ್ತದೆ. ಏಷ್ಯಾ-ಪೆಸಿಫಿಕ್ ಭಾಗದ ಸಂಸ್ಥೆಯ ಹೆಸರು ಎಪಿನಿಕ್, ಅದರ ಕಚೇರಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿದೆ. ಅದರ ಕೆಳಗೆ ಭಾರತದಲ್ಲಿ ಐಆರ್‌ಐಎನ್ಎನ್ ಎಂಬ ನೋಂದಣಿ ವ್ಯವಸ್ಥೆ ಇದೆ. ಇವರಿಂದ ಪಡೆದ ವಿಳಾಸಗಳನ್ನು ಇಂಟರ್‌ನೆಟ್ ಸೇವಾ ಕಂಪನಿಗಳು ತಮ್ಮ ಚಂದಾದಾರರಿಗೆ ಬಳಸಲು ಕೊಡುತ್ತವೆ.

ಯಾವ ವಿಳಾಸದ ಗಂಟು ಯಾವ ಕಂಪನಿಯ ಹೆಸರಲ್ಲಿದೆ ಎಂಬುದು ಬಹಿರಂಗ ದಾಖಲೆ, ಯಾರು ಬೇಕಾದರೂ ಹುಡುಕಿ ನೋಡಬಹುದು. ಆದರೆ ಕಂಪನಿ ಅದನ್ನು ಇವತ್ತು ಯಾವ ಚಂದಾದಾರರಿಗೆ ಕೊಟ್ಟಿದೆ ಎಂಬುದು ಬಹಿರಂಗವಲ್ಲ. ಆ ಮಾಹಿತಿ ಕಂಪನಿಯ ಒಳಗಿನ ಲಾಗ್‌ನಲ್ಲಿ, ಅಂದರೆ ದಿನಚರಿ ದಾಖಲೆಯಲ್ಲಿ ಇರುತ್ತದೆ. ಪೊಲೀಸರು ಕಾನೂನುಬದ್ಧವಾಗಿ ಕೇಳಿದಾಗ ಕಂಪನಿ ಅದನ್ನು ಕೊಡಬೇಕಾಗುತ್ತದೆ. ಬೆದರಿಕೆ ಇಮೇಲ್ ಕಳಿಸುವ ವಂಚಕನಿಗೆ ಆ ದಾರಿ ಇಲ್ಲ. ನಿಮ್ಮ ಐಪಿಯಿಂದ ಅವನು ಹೆಚ್ಚೆಂದರೆ ಕಂಪನಿಯ ಹೆಸರನ್ನೂ ಅಂದಾಜು ಊರನ್ನೂ ತಿಳಿಯಬಹುದು.

ಒಂದು ವಿಳಾಸದ ಹಿಂದೆ ಎಷ್ಟು ಜನ?

32 ಬಿಟ್‌ಗಳಿಂದ ಆಗುವ ಒಟ್ಟು ವಿಳಾಸಗಳು 429 ಕೋಟಿ ಚಿಲ್ಲರೆ. 1981ರಲ್ಲಿ ಇದು ಮುಗಿಯದ ಕಣಜದಂತೆ ಕಂಡಿತ್ತು. ಈಗ ಜಗತ್ತಿನ ಜನಸಂಖ್ಯೆಯೇ 800 ಕೋಟಿ ದಾಟಿದೆ. ಒಬ್ಬೊಬ್ಬರ ಬಳಿ ಫೋನ್, ಲ್ಯಾಪ್‌ಟಾಪ್, ಟಿವಿ ಎಂದು ಎರಡು ಮೂರು ಸಾಧನಗಳಿವೆ. 2011ರ ಫೆಬ್ರವರಿ 3ರಂದು ಐಯಾನಾದ ಕಣಜದಲ್ಲಿ ಹಂಚದೆ ಉಳಿದಿದ್ದ ಕೊನೆಯ ಗಂಟುಗಳೂ ಖಾಲಿಯಾದವು.

ಆದರೂ ಇಂಟರ್‌ನೆಟ್ ನಿಲ್ಲಲಿಲ್ಲ. ವಿಳಾಸವನ್ನು ಹಂಚಿಕೊಂಡು ಬಳಸುವ ಉಪಾಯ ಅಷ್ಟರಲ್ಲಿ ಬಳಕೆಗೆ ಬಂದಿತ್ತು. ಅದರ ಹೆಸರು ನ್ಯಾಟ್.

ದೊಡ್ಡ ಕಚೇರಿಯೊಂದನ್ನು ನೆನಪಿಸಿಕೊಳ್ಳಿ. ಹೊರಗಿನವರಿಗೆ ಒಂದೇ ಫೋನ್ ನಂಬರ್. ಒಳಗೆ ಪ್ರತಿ ಮೇಜಿಗೂ 21, 22, 23 ಎಂದು ಎಕ್ಸ್‌ಟೆನ್ಷನ್. ಪಕ್ಕದ ಕಚೇರಿಯಲ್ಲೂ 21, 22 ಇರಬಹುದು, ಅದರಿಂದ ಯಾರಿಗೂ ತೊಂದರೆಯಿಲ್ಲ. ನಿಮ್ಮ ಮನೆಯ ವೈಫೈ ರೌಟರ್ ಮಾಡುವುದೂ ಇದೇ. ಮನೆಯ ಫೋನಿಗೆ 192.168.1.5, ಟಿವಿಗೆ 192.168.1.6 ಎಂಬ ಒಳವಿಳಾಸ ಕೊಡುತ್ತದೆ. 192.168ರಿಂದ ಶುರುವಾಗುವ ವಿಳಾಸಗಳು, 10ರಿಂದ ಶುರುವಾಗುವವು ಮತ್ತು 172.16ರಿಂದ 172.31ರವರೆಗಿನವು ಇಂಥ ಖಾಸಗಿ ಬಳಕೆಗೆಂದೇ ಮೀಸಲು. ನಿಮ್ಮ ಮನೆಯಲ್ಲೂ ಎದುರು ಮನೆಯಲ್ಲೂ 192.168.1.5 ಇರಬಹುದು. ಹೊರಜಗತ್ತಿಗೆ ಇವು ಕಾಣುವುದೇ ಇಲ್ಲ, ಅಲ್ಲಿಗೆ ಕಾಣುವುದು ರೌಟರ್‌ನ ಒಂದೇ ವಿಳಾಸ.

ಹಾಗಾದರೆ ಬಂದ ಉತ್ತರ ಫೋನಿಗೋ ಟಿವಿಗೋ ಎಂದು ರೌಟರಿಗೆ ತಿಳಿಯುವುದು ಹೇಗೆ? ಪ್ಯಾಕೆಟ್‌ನ ಮೇಲೆ ಐಪಿ ವಿಳಾಸದ ಜೊತೆಗೆ ಪೋರ್ಟ್ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ. 0ಯಿಂದ 65,535ರವರೆಗೆ ಅದು ಯಾವುದಾದರೂ ಆಗಿರಬಹುದು. ‘40,001ನೇ ಪೋರ್ಟ್ ಫೋನಿನದು, 40,002 ಟಿವಿಯದು’ ಎಂದು ರೌಟರ್ ಒಂದು ಪಟ್ಟಿ ಬರೆದಿಟ್ಟುಕೊಳ್ಳುತ್ತದೆ. ಕೆಲಸ ಮುಗಿದ ಸ್ವಲ್ಪ ಹೊತ್ತಿಗೆ ಆ ಸಾಲನ್ನು ಅಳಿಸಿಹಾಕುತ್ತದೆ.

ಇಲ್ಲಿ ಮೊದಲ ಮೆಟ್ಟಿಲು ಜಾರುತ್ತದೆ. ಹೊರಗಿನಿಂದ ಕಾಣುವ ಐಪಿ ವಿಳಾಸ ಒಬ್ಬ ವ್ಯಕ್ತಿಯದ್ದಲ್ಲ, ಇಡೀ ಮನೆಯದ್ದು. ಮನೆಯವರು, ವೈಫೈ ಪಾಸ್‌ವರ್ಡ್ ಕೇಳಿ ಪಡೆದ ನೆಂಟರು, ಪಿಜಿಯಲ್ಲಿರುವ ನಲವತ್ತು ಹುಡುಗರು, ಹೋಟೆಲಿಗೆ ಬಂದು ಹೋದ ಗಿರಾಕಿಗಳು, ಎಲ್ಲರೂ ಹೊರಗೆ ಒಂದೇ ವಿಳಾಸದಲ್ಲಿ ಕಾಣುತ್ತಾರೆ.

ಮೊಬೈಲ್ ಇಂಟರ್‌ನೆಟ್‌ನಲ್ಲಿ ಇದು ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಅಲ್ಲಿ ಸೇವಾ ಕಂಪನಿಯೇ ಒಂದು ಬೃಹತ್ ನ್ಯಾಟ್ ಇಟ್ಟುಕೊಂಡು ಒಂದು ಸಾರ್ವಜನಿಕ ವಿಳಾಸದ ಹಿಂದೆ ಬಹಳಷ್ಟು ಚಂದಾದಾರರನ್ನು ಕೂರಿಸುತ್ತದೆ. ಹೀಗೆ ಕಂಪನಿ ಮಟ್ಟದ ಹಂಚಿಕೆಗೆಂದೇ 2012ರಲ್ಲಿ 100.64ರಿಂದ ಶುರುವಾಗುವ ಸುಮಾರು 42 ಲಕ್ಷ ವಿಳಾಸಗಳನ್ನು ಪ್ರತ್ಯೇಕವಾಗಿ ಮೀಸಲಿಟ್ಟರು. ಒಂದೇ ಕ್ಷಣದಲ್ಲಿ ಹುಬ್ಬಳ್ಳಿಯ ವಿದ್ಯಾರ್ಥಿನಿ, ಗದಗದ ವ್ಯಾಪಾರಿ, ಬಸ್ಸಿನಲ್ಲಿ ಕೂತ ಅಪರಿಚಿತ ಮೂವರೂ ಒಂದೇ ಐಪಿ ವಿಳಾಸದಿಂದ ಜಾಲತಾಣಗಳನ್ನು ನೋಡುತ್ತಿರಬಹುದು. ಅವರನ್ನು ಬೇರೆ ಮಾಡಲು ವಿಳಾಸ ಒಂದೇ ಸಾಲದು, ಪೋರ್ಟ್ ಸಂಖ್ಯೆಯೂ ಬೇಕು, ಸೆಕೆಂಡಿನ ಲೆಕ್ಕದಲ್ಲಿ ಸಮಯವೂ ಬೇಕು.

ಗಡಿಯಾರ ತಪ್ಪಿದರೆ?

ಸಮಯ ಏಕೆ ಮುಖ್ಯ ಎಂದರೆ, ಸಾಮಾನ್ಯ ಚಂದಾದಾರರಿಗೆ ಕಂಪನಿ ಕೊಡುವ ವಿಳಾಸ ಶಾಶ್ವತವಲ್ಲ. ಅದು ಬಾಡಿಗೆಗೆ ಕೊಟ್ಟಂತೆ. ರೌಟರ್ ಆಫ್ ಮಾಡಿ ಆನ್ ಮಾಡಿದರೆ ಅಥವಾ ಬಾಡಿಗೆಯ ಅವಧಿ ಮುಗಿದರೆ ಬೇರೆ ವಿಳಾಸ ಬರಬಹುದು. ನಿಮ್ಮ ಹಳೆಯ ವಿಳಾಸ ಇನ್ನೊಬ್ಬರಿಗೆ ಹೋಗುತ್ತದೆ. ಹೋಟೆಲ್ ಕೋಣೆಯ ನಂಬರ್ ಇದ್ದ ಹಾಗೆ: 204ರಲ್ಲಿ ಇದ್ದವರು ಯಾರು ಎಂದರೆ ಉತ್ತರವಿಲ್ಲ, ಯಾವ ದಿನ, ಎಷ್ಟು ಗಂಟೆಗೆ ಎಂದು ಕೇಳಿದರೆ ಮಾತ್ರ ಉತ್ತರವಿದೆ.

ಈಗ ಒಂದು ಲೆಕ್ಕ ಮಾಡೋಣ. ಯಾವುದೋ ಜಾಲತಾಣದ ಸರ್ವರ್ ಅಂತರರಾಷ್ಟ್ರೀಯ ಸಮಯದಲ್ಲಿ ‘ರಾತ್ರಿ 8 ಗಂಟೆ’ ಎಂದು ದಾಖಲಿಸಿದೆ ಎಂದುಕೊಳ್ಳಿ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ, ಅಂದರೆ ಇಲ್ಲಿ ಆಗ ಮರುದಿನ ಬೆಳಗಿನ ಜಾವ 1.30. ಇದನ್ನು ಗಮನಿಸದೆ ಯಾರಾದರೂ ಕಂಪನಿಗೆ ‘ರಾತ್ರಿ 8ಕ್ಕೆ ಈ ವಿಳಾಸ ಯಾರ ಬಳಿ ಇತ್ತು?’ ಎಂದು ಕೇಳಿದರೆ ಕಂಪನಿ ಪ್ರಾಮಾಣಿಕವಾಗಿಯೇ ಉತ್ತರ ಕೊಡುತ್ತದೆ. ಆದರೆ ಸಿಗುವ ಹೆಸರು ಸಂಬಂಧವೇ ಇಲ್ಲದವರದ್ದಾಗಬಹುದು. ಯಾವ ಯಂತ್ರವೂ ಕೆಟ್ಟಿಲ್ಲ, ಯಾರೂ ಸುಳ್ಳು ಹೇಳಿಲ್ಲ, ಆದರೂ ಪೊಲೀಸರು ತಪ್ಪು ಬಾಗಿಲು ತಟ್ಟುತ್ತಾರೆ.

ಭಾರತದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಸೇವಾ ಸಂಸ್ಥೆಗಳು ತಮ್ಮ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ತಮ್ಮ ಕಂಪ್ಯೂಟರ್ ಗಡಿಯಾರಗಳನ್ನು ಸರ್ಕಾರದ ನಿಗದಿತ ಸಮಯ ಸರ್ವರುಗಳ ಜೊತೆ ಹೊಂದಿಸಿಕೊಳ್ಳಬೇಕು ಎಂದು ಅವು ಹೇಳುತ್ತವೆ. ಗಡಿಯಾರದ ಮಾತು ಮೇಲ್ನೋಟಕ್ಕೆ ಚಿಕ್ಕದು. ಅದರ ಮೇಲೆ ಯಾರದೋ ಬಿಡುಗಡೆ ನಿಂತಿರಬಹುದು.

ನಕ್ಷೆಯ ಮೇಲಿನ ಕೆಂಪು ಚುಕ್ಕೆ

‘ಐಪಿ ಹಾಕಿದರೆ ಮನೆ ತೋರಿಸುವ’ ಜಾಲತಾಣಗಳ ಕತೆ ಏನು? ಐಪಿ ವಿಳಾಸದಲ್ಲಿ ಅಕ್ಷಾಂಶ-ರೇಖಾಂಶ ಅಡಗಿಲ್ಲ. ನೋಂದಣಿ ದಾಖಲೆ, ಜಾಲಗಳ ಜೋಡಣೆ ಮುಂತಾದವನ್ನು ನೋಡಿ ಕೆಲವು ಕಂಪನಿಗಳು ಅಂದಾಜಿನ ಪಟ್ಟಿ ಮಾಡಿ ಮಾರುತ್ತವೆ. ದೇಶ ಸಾಮಾನ್ಯವಾಗಿ ಸರಿಯಿರುತ್ತದೆ. ಊರು ಸರಿಯಿರಬಹುದು, ಇಲ್ಲದಿರಬಹುದು. ಕಲಬುರಗಿಯಲ್ಲಿ ಕುಳಿತವರಿಗೆ ಬೆಂಗಳೂರು ಅಥವಾ ಚೆನ್ನೈ ಎಂದು ತೋರಿಸುವುದು ಅಪರೂಪವೇನಲ್ಲ. ಮನೆ ಬಾಗಿಲಂತೂ ಈ ಪಟ್ಟಿಗೆ ತಿಳಿಯದು.

ಅಂದಾಜನ್ನು ಖಚಿತ ಎಂದು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕ್ಯಾನ್ಸಸ್ ರಾಜ್ಯದ ಒಂದು ತೋಟದ ಮನೆ ಸಾಕ್ಷಿ. ಮ್ಯಾಕ್ಸ್‌ಮೈಂಡ್ ಎಂಬ ಕಂಪನಿ ತನ್ನ ಪಟ್ಟಿಯಲ್ಲಿ, ಅಮೆರಿಕದ್ದು ಎಂದಷ್ಟೇ ಗೊತ್ತಿದ್ದು ಊರು ತಿಳಿಯದ ವಿಳಾಸಗಳಿಗೆಲ್ಲ ದೇಶದ ನಡುಮಧ್ಯದ ಒಂದು ಬಿಂದುವನ್ನು ಹಾಕಿತ್ತು: ಅಕ್ಷಾಂಶ 38, ರೇಖಾಂಶ 97 ಪಶ್ಚಿಮ. ಆ ಬಿಂದು ಬಿದ್ದದ್ದು ಈ ತೋಟದ ಮನೆಯ ಮೇಲೆ. 60 ಕೋಟಿಗೂ ಹೆಚ್ಚು ಐಪಿ ವಿಳಾಸಗಳು ಹೀಗೆ ಆ ಒಂದು ಮನೆಯತ್ತ ಬೆರಳು ತೋರಿಸುತ್ತಿದ್ದವು. ವರ್ಷಗಟ್ಟಲೆ ಪೊಲೀಸರು, ಕೇಂದ್ರ ತನಿಖಾಧಿಕಾರಿಗಳು, ವಂಚನೆಗೊಳಗಾಗಿ ಸಿಟ್ಟಿಗೆದ್ದವರು, ಕೊನೆಗೆ ಆ್ಯಂಬುಲೆನ್ಸ್ ಕೂಡ ಆ ಮನೆಗೆ ಬಂದವು. ಅಲ್ಲಿದ್ದವರಿಗೆ ಏಕೆಂದೇ ತಿಳಿದಿರಲಿಲ್ಲ. 2016ರಲ್ಲಿ ಪತ್ರಿಕಾ ತನಿಖೆಯೊಂದು ಇದನ್ನು ಬಯಲಿಗೆ ತಂದ ಮೇಲೆ ಕಂಪನಿ ಆ ಬಿಂದುವನ್ನು ಒಂದು ಕೆರೆಯ ನಡುವಿಗೆ ಸರಿಸಿತು. ನೀರಿನ ಬಾಗಿಲು ತಟ್ಟಲು ಯಾರಿಗೂ ಬರುವುದಿಲ್ಲವಲ್ಲ!

ಸಾಧನದ ನಿಜವಾದ ಗುರುತು ಯಾವುದು?

‘ಐಪಿ ಬದಲಾದರೇನು, ಮ್ಯಾಕ್ ಅಡ್ರೆಸ್ ಇದೆಯಲ್ಲ’ ಎಂದು ಕೆಲವರು ಕೇಳುತ್ತಾರೆ. ಮ್ಯಾಕ್ ಎಂಬುದು ವೈಫೈ ಅಥವಾ ನೆಟ್‌ವರ್ಕ್ ಚಿಪ್‌ಗೆ ತಯಾರಕರು ಕೊಡುವ 48 ಬಿಟ್‌ಗಳ ಸಂಖ್ಯೆ. ಒಂದೇ ವೈಫೈ ಜಾಲದೊಳಗೆ ಸಾಧನಗಳು ಪರಸ್ಪರ ಗುರುತಿಸಿಕೊಳ್ಳಲು ಅದು ಬೇಕು. ಆದರೆ ಅದು ನಿಮ್ಮ ರೌಟರ್ ದಾಟಿ ಹೊರಗೆ ಹೋಗುವುದಿಲ್ಲ. ನೀವು ನೋಡುವ ಜಾಲತಾಣಕ್ಕೆ ಅದು ತಿಳಿಯುವುದಿಲ್ಲ. ಅಲ್ಲದೆ 2019ರ ಆ್ಯಂಡ್ರಾಯ್ಡ್ 10, 2020ರ ಐಒಎಸ್ 14ರಿಂದ ಈಚೆಗೆ ಫೋನುಗಳು ಒಂದೊಂದು ವೈಫೈಗೆ ಒಂದೊಂದು ಕೃತಕ ಮ್ಯಾಕ್ ಸಂಖ್ಯೆ ತೋರಿಸುವುದನ್ನು ರೂಢಿ ಮಾಡಿಕೊಂಡಿವೆ.

ವಿಳಾಸಗಳ ಬರಕ್ಕೆ ಉತ್ತರವಾಗಿ ಬಂದ ಐಪಿ 6ನೇ ಆವೃತ್ತಿ ಚಿತ್ರವನ್ನು ಸ್ವಲ್ಪ ಬದಲಿಸಿದೆ. ಅದರಲ್ಲಿ ವಿಳಾಸ 128 ಬಿಟ್ ಉದ್ದ. ಒಟ್ಟು ವಿಳಾಸಗಳನ್ನು ಬರೆಯಲು 34ರ ಮುಂದೆ 37 ಸೊನ್ನೆ ಹಾಕಬೇಕು. ಹಾಗಾಗಿ ಪ್ರತಿ ಫೋನಿಗೂ ತನ್ನದೇ ಸಾರ್ವಜನಿಕ ವಿಳಾಸ ಸಿಗುತ್ತದೆ, ಹಂಚಿಕೊಳ್ಳುವ ಅಗತ್ಯವಿಲ್ಲ. ಭಾರತದ ಮೊಬೈಲ್ ಜಾಲಗಳಲ್ಲಿ ಇದರ ಬಳಕೆ ವ್ಯಾಪಕವಾಗಿದೆ. ಸಾಮಾನ್ಯವಾಗಿ ಮೊದಲ 64 ಬಿಟ್ ಜಾಲದ್ದು, ಉಳಿದ 64 ಬಿಟ್ ಸಾಧನದ್ದು. ಮೊದಮೊದಲು ಈ ಎರಡನೆಯ ಭಾಗವನ್ನು ಮ್ಯಾಕ್ ಸಂಖ್ಯೆಯಿಂದಲೇ ಮಾಡುತ್ತಿದ್ದರು. ಆಗ ಫೋನ್ ಯಾವ ಊರಿಗೆ ಹೋದರೂ ವಿಳಾಸದ ಬಾಲ ಅದೇ ಇರುತ್ತಿತ್ತು, ಹಿಂಬಾಲಿಸುವವರಿಗೆ ಸುಲಭ. ಈಗಿನ ಸಾಧನಗಳು ಆ ಭಾಗವನ್ನು ಮನಬಂದಂತೆ ಆರಿಸಿ ಆಗಾಗ ಬದಲಿಸುತ್ತವೆ. ಆದರೂ ಜಾಲದ ಭಾಗ ಚಂದಾದಾರರ ಸಂಪರ್ಕದತ್ತ ದಾರಿ ತೋರಿಸುತ್ತದೆ ಎಂಬುದನ್ನು ಮರೆಯಬಾರದು.

ಹಾಗಾದರೆ ಐಪಿ ವಿಳಾಸದಿಂದ ಏನೂ ತಿಳಿಯುವುದಿಲ್ಲವೇ?

ತಿಳಿಯುತ್ತದೆ. ‘ಐಪಿಯಿಂದ ಯಾರನ್ನೂ ಹಿಡಿಯಲಾಗದು’ ಎಂಬುದೂ ತಪ್ಪು ನಂಬಿಕೆಯೇ. ವಿಳಾಸ, ಪೋರ್ಟ್, ಖಚಿತ ಸಮಯ, ಕಂಪನಿಯ ಲಾಗ್ ನಾಲ್ಕೂ ಸರಿಯಾಗಿ ಹೊಂದಿದರೆ ತನಿಖೆ ಒಂದು ಸಂಪರ್ಕದ ಚಂದಾದಾರರವರೆಗೆ ತಲುಪುತ್ತದೆ. ಅನೇಕ ಅಪರಾಧಿಗಳು ಸಿಕ್ಕಿಬಿದ್ದದ್ದು ಹೀಗೆಯೇ. ಆದರೆ ಅಲ್ಲಿಗೆ ತಲುಪಿದ ಮೇಲೂ ಸಿಗುವುದು ಬಿಲ್ ಕಟ್ಟುವವರ ಹೆಸರು. ಆ ಕ್ಷಣದಲ್ಲಿ ಯಾವ ಸಾಧನ, ಅದು ಯಾರ ಕೈಯಲ್ಲಿತ್ತು ಎಂಬುದನ್ನು ಬೇರೆ ಸಾಕ್ಷ್ಯಗಳಿಂದ ತೋರಿಸಬೇಕು: ಲಾಗಿನ್ ಆದ ಖಾತೆ, ಫೋನ್ ಅಥವಾ ಕಂಪ್ಯೂಟರಿನಲ್ಲಿ ಉಳಿದ ಗುರುತು, ಸಂದರ್ಭ. ಐಪಿ ವಿಳಾಸ ತನಿಖೆಯ ಆರಂಭ, ತೀರ್ಪಲ್ಲ.

ವಿಪಿಎನ್ ಬಳಸಿದರೆ ಜಾಲತಾಣಕ್ಕೆ ನಿಮ್ಮ ವಿಳಾಸದ ಬದಲು ವಿಪಿಎನ್ ಕಂಪನಿಯ ವಿಳಾಸ ಕಾಣುತ್ತದೆ. ಹಾಗೆಂದು ನೀವು ಮಾಯವಾಗುವುದಿಲ್ಲ. ಮೊದಲು ಸೇವಾ ಕಂಪನಿಯ ಮೇಲಿಟ್ಟ ನಂಬಿಕೆಯನ್ನು ಈಗ ವಿಪಿಎನ್ ಕಂಪನಿಯ ಮೇಲೆ ಇಡುತ್ತೀರಿ. ನಿಮ್ಮ ಹೆಸರಿನಲ್ಲೇ ಲಾಗಿನ್ ಆಗಿದ್ದರೆ ಯಾವ ವಿಳಾಸದಿಂದ ಬಂದರೂ ಜಾಲತಾಣಕ್ಕೆ ನೀವು ಯಾರೆಂದು ಗೊತ್ತು.

ನಾವು ಮಾಡಬೇಕಾದ್ದೇನು?

ವೈಫೈ ಸಂಪರ್ಕ ನಿಮ್ಮ ಹೆಸರಿನಲ್ಲಿದ್ದರೆ, ಅದರಿಂದ ಏನು ನಡೆದರೂ ಮೊದಲ ಪ್ರಶ್ನೆ ನಿಮಗೇ ಬರುತ್ತದೆ. ಆದ್ದರಿಂದ ರೌಟರ್‌ಗೆ ಗಟ್ಟಿಯಾದ ಪಾಸ್‌ವರ್ಡ್ ಇಡಿ, ಡಬ್ಬಿಯ ಜೊತೆ ಬಂದ ಪಾಸ್‌ವರ್ಡನ್ನು ಬದಲಿಸಿ. ಬಂದು ಹೋಗುವವರಿಗೆ ರೌಟರ್‌ನಲ್ಲಿರುವ ‘ಗೆಸ್ಟ್’ ಜಾಲವನ್ನು ಬಳಸಲು ಕೊಡಿ. ಅದು ನಿಮ್ಮ ಸಾಧನಗಳನ್ನು ಬೇರೆಯಾಗಿಡುತ್ತದೆ. ಆದರೆ ಹೊರಗೆ ಕಾಣುವ ವಿಳಾಸ ಆಗಲೂ ನಿಮ್ಮದೇ ಎಂಬುದು ನೆನಪಿರಲಿ.

‘ನಿಮ್ಮ ಐಪಿಯಿಂದ ಅಪರಾಧ ನಡೆದಿದೆ, ಕ್ಯಾಮೆರಾ ಮುಂದಿನಿಂದ ಏಳಬೇಡಿ, ಹಣ ವರ್ಗಾಯಿಸಿ’ ಎಂದು ಯಾರಾದರೂ ಪೊಲೀಸರ ಹೆಸರಿನಲ್ಲಿ ಕರೆ ಮಾಡಿದರೆ ಕರೆ ಕಡಿತಗೊಳಿಸಿ. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿ. ಮನೆಯ ಹಿರಿಯರಿಗೂ ಇದನ್ನು ಹೇಳಿಡಿ, ಇಂಥ ಕರೆಗಳಿಗೆ ಹೆಚ್ಚು ಹೆದರುವವರು ಅವರೇ.

ಐಪಿ ವಿಳಾಸ ಹುಟ್ಟಿದ್ದು ಪ್ಯಾಕೆಟ್ ತಲುಪಿಸುವುದಕ್ಕೆ. ಯಾವ ಜಾಲ, ಆ ಜಾಲದಲ್ಲಿ ಯಾವ ಕೊಂಡಿ ಎಂಬ ಎರಡು ಪ್ರಶ್ನೆಗೆ ಅದು ಚೆನ್ನಾಗಿ ಉತ್ತರ ಕೊಡುತ್ತದೆ. ಯಾವ ಮನುಷ್ಯ ಎಂಬ ಮೂರನೆಯ ಪ್ರಶ್ನೆಯನ್ನು ಅದಕ್ಕೆ ಯಾರೂ ಕಲಿಸಿಲ್ಲ. ಮುಂದಿನ ಸಲ ‘ಐಪಿ ಸಿಕ್ಕಿದೆ, ಆರೋಪಿ ಸಿಕ್ಕಂತೆಯೇ’ ಎಂಬ ಸುದ್ದಿ ಓದಿದಾಗ, ಅದು ಯಾವ ಸಮಯದ ವಿಳಾಸ, ಯಾರ ಗಡಿಯಾರದ ಸಮಯ, ಅದರ ಹಿಂದೆ ಎಷ್ಟು ಜನ ಇದ್ದರು ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳೋಣ.